ಗಾಡಿ ನಿಲ್ಲಿಸಿದ್ದಕ್ಕೆ ಬೈಯಬೇಡಿ: ಲೋಡ್ ಕಳಿಸುವವರಿಗೊಂದು ಬಹಿರಂಗ ಪತ್ರ

ಲಾರಿ ಮಾಲೀಕರಿಗೆ, ಆಫೀಸಿನಲ್ಲಿ ಕೂತು ಟ್ರಿಪ್ ಹಂಚುವವರಿಗೆ, ಗೋದಾಮಿನ ಬಾಗಿಲಲ್ಲಿ ಗಡಿಯಾರ ನೋಡುತ್ತಾ ನಿಂತಿರುವವರಿಗೆ,

ನಮಸ್ಕಾರ.

ನಾನು ಟ್ರೈಲರ್ ಗಾಡಿ ಓಡಿಸುವವನು. ಹಿಮ ಬೀಳುವ ರಸ್ತೆಗಳಲ್ಲೇ ಜಾಸ್ತಿ ವರ್ಷ ಕಳೆದಿದ್ದೇನೆ. ಚಳಿಗಾಲ ಶುರುವಾಗುತ್ತಿದ್ದ ಹಾಗೆ ನಿಮ್ಮ ಕಡೆಯಿಂದ ಒಂದು ಸುತ್ತೋಲೆ ಬರುತ್ತದೆ. ಹುಷಾರಾಗಿ ಓಡಿಸಿ, ಜೀವ ಮುಖ್ಯ ಅಂತ ಅದರಲ್ಲಿ ಬರೆದಿರುತ್ತದೆ. ಅದೇ ರಾತ್ರಿ ಫೋನ್ ಬರುತ್ತದೆ. "ಎಲ್ಲಿದ್ದೀರಿ? ಇನ್ನೂ ಅಲ್ಲೇ ಇದ್ದೀರಾ?" ಸುತ್ತೋಲೆ ಚೆನ್ನಾಗಿಯೇ ಇದೆ. ನನ್ನ ತಕರಾರು ಇರುವುದು ಆ ಫೋನಿನ ಬಗ್ಗೆ.

ಕೆಲವು ವರ್ಷಗಳ ಹಿಂದೆ ನಡೆದದ್ದು ಹೇಳುತ್ತೇನೆ. ರಾತ್ರಿ ಎರಡು ಗಂಟೆ. ಸಣ್ಣಗೆ ಮಳೆ ಹನಿಯುತ್ತಿತ್ತು. ಹೊರಗಿನ ಚಳಿ 1 ಡಿಗ್ರಿ ಎಂದು ಮುಂದಿನ ಪರದೆ ತೋರಿಸುತ್ತಿತ್ತು. ನನ್ನ ಮುಂದೆ ಇನ್ನೊಂದು ಲಾರಿ ಹೋಗುತ್ತಿತ್ತು. ಅದರ ಚಕ್ರಗಳಿಂದ ಏಳುತ್ತಿದ್ದ ನೀರಿನ ತುಂತುರು ನನ್ನ ಗಾಜಿಗೆ ಬಂದು ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ತುಂತುರು ನಿಂತಿತು. ಮಳೆ ನಿಂತಿರಲಿಲ್ಲ. ರಸ್ತೆ ಮೊದಲಿನ ಹಾಗೇ ಒದ್ದೆಯಾಗಿ ಹೊಳೆಯುತ್ತಿತ್ತು.

ನನಗೆ ಕೆಲಸ ಕಲಿಸಿದವರು ಇದನ್ನೇ ಹೇಳಿಕೊಟ್ಟಿದ್ದರು. ರಸ್ತೆ ಒದ್ದೆ ಕಾಣಬೇಕು, ಆದರೆ ನೀರು ಏಳಬಾರದು, ಅಂದರೆ ಅದು ನೀರಲ್ಲ, ಐಸ್. ಅನುಮಾನ ಇದ್ದರೆ ಕಿಟಕಿ ಇಳಿಸಿ ಕನ್ನಡಿಯ ಮುಂಭಾಗ ಮುಟ್ಟಿ ನೋಡು ಎಂದಿದ್ದರು. ಅಲ್ಲಿ ಐಸ್ ಕೂತಿದ್ದರೆ ರಸ್ತೆಯ ಮೇಲೂ ಕೂತಿರುತ್ತದೆ. ಕೈ ಹೊರಗೆ ಹಾಕಿ ಮುಟ್ಟಿದೆ. ಬೆರಳಿಗೆ ಗರಗರ ಅಂತು. ಅಲ್ಲೇ ಎಡಕ್ಕೆ ಗಾಡಿ ನಿಲ್ಲಿಸುವ ಜಾಗವೂ ಇತ್ತು. ನಾನು ನಿಲ್ಲಿಸಲಿಲ್ಲ. ಹತ್ತು ನಿಮಿಷ ಮುಂಚೆ ಆಫೀಸಿನಿಂದ ಫೋನ್ ಬಂದಿತ್ತು. ಗೋದಾಮಿನಲ್ಲಿ ಲೋಡ್ ಇಳಿಸಲು ಕೊಟ್ಟ ಬೆಳಗಿನ ಸಮಯ, ಅಂದರೆ ಸ್ಲಾಟ್, ತಪ್ಪಿದರೆ ಮತ್ತೆ ಸಂಜೆಯೇ ಅಂದಿದ್ದರು.

ಮುಂದೆ ಸೇತುವೆ ಬಂತು. ಸೇತುವೆ ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತದೆ. ಕೆಳಗೆ ನೆಲ ಇಲ್ಲ, ನೆಲದ ಬಿಸಿ ಇಲ್ಲ, ಮೇಲಿಂದಲೂ ಕೆಳಗಿಂದಲೂ ತಣ್ಣನೆ ಗಾಳಿ. ಇಳಿಜಾರಿನಲ್ಲಿ ಎಂಜಿನ್ ಬ್ರೇಕ್, ಅಂದರೆ ಎಂಜಿನ್ನಿನಿಂದಲೇ ಚಕ್ರದ ವೇಗ ತಡೆಯುವ ಬ್ರೇಕ್, ಹಾಕಿಕೊಂಡು ಬಂದಿದ್ದೆ, ತೆಗೆಯುವುದು ಮರೆತಿದ್ದೆ. ಸೇತುವೆ ಹತ್ತಿದ ಕೂಡಲೇ ಸ್ಟೇರಿಂಗ್ ಹಗುರ ಆಯಿತು. ಬಲಗಡೆ ಕನ್ನಡಿಯಲ್ಲಿ ನನ್ನದೇ ಟ್ರೈಲರಿನ ಹೊಟ್ಟೆ ಕಾಣತೊಡಗಿತು. ನೇರ ರಸ್ತೆಯಲ್ಲಿ ಕನ್ನಡಿಯಲ್ಲಿ ಟ್ರೈಲರಿನ ಅಂಚು ಕಾಣಬೇಕು, ಹೊಟ್ಟೆ ಕಾಣಬಾರದು. ಕಂಡರೆ ಹಿಂದಿನ ಟ್ರೈಲರ್ ತನ್ನನ್ನು ಎಳೆಯುವ ಮುಂದಿನ ಭಾಗವನ್ನೇ ದಾಟಿ ಹೋಗಲು ನೋಡುತ್ತಿದೆ ಎಂದು ಅರ್ಥ.

ಎಂಜಿನ್ ಬ್ರೇಕ್ ಆಫ್ ಮಾಡಿದೆ. ಕಾಲನ್ನು ಎರಡೂ ಪೆಡಲಿನಿಂದ ತೆಗೆದೆ. ಬ್ರೇಕ್ ಒತ್ತು ಒತ್ತು ಎಂದು ಇಡೀ ಮೈ ಹೇಳುತ್ತಿತ್ತು. ಒತ್ತಲಿಲ್ಲ. ಚಕ್ರ ಉರುಳಲು ಶುರುವಾಯಿತು, ಹಿಡಿತ ಸಿಕ್ಕಿತು, ಟ್ರೈಲರ್ ಮೆಲ್ಲಗೆ ಹಿಂದಕ್ಕೆ ಬಂದು ಸಾಲಿಗೆ ನಿಂತಿತು. ಸೇತುವೆಯ ಆಚೆ ಬದಿಯಲ್ಲಿ ಗಾಡಿ ನಿಲ್ಲಿಸಿ ಬೆಳಗಾಗುವವರೆಗೆ ಕೂತೆ. ಸ್ಲಾಟ್ ತಪ್ಪಿತು. ಬೈಸಿಕೊಂಡೆ. ತಪ್ಪು ನನ್ನದೂ ಇದೆ, ಇಲ್ಲ ಎನ್ನುವುದಿಲ್ಲ. ಕನ್ನಡಿ ಮುಟ್ಟಿದ ಮೇಲೂ ಮುಂದೆ ಹೋದವನು ನಾನೇ. ಆದರೆ ಆ ಐದು ನಿಮಿಷ ನನ್ನ ಜೊತೆ ಕ್ಯಾಬಿನ್ನಿನಲ್ಲಿ ನಿಮ್ಮ ಗಡಿಯಾರವೂ ಕೂತಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಬೇಜಾರು ಮಾಡಿಕೊಳ್ಳಬೇಡಿ, ಟನ್ನು ಕಿಲೋಮೀಟರುಗಳ ಲೆಕ್ಕ ಹಾಕುವವರಿಗೆ ಇದು ಕಷ್ಟ ಅಲ್ಲ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಗಾಡಿಗೆ ಒಣ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಸುಮಾರು 25 ಮೀಟರಿನಲ್ಲಿ ನಿಲ್ಲುತ್ತದೆ. ಐಸ್ ಮೇಲೆ ಟಯರಿನ ಹಿಡಿತ ಒಣ ರಸ್ತೆಯದರ ಆರನೇ ಒಂದು ಪಾಲಿಗೆ, ಕೆಲವೊಮ್ಮೆ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಅದೇ ಗಾಡಿ ಅಲ್ಲಿ ನಿಲ್ಲಲು ಸುಮಾರು 140 ಮೀಟರ್ ಬೇಕು. ಅಪಾಯ ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹೋಗುತ್ತದೆ, ಅದರಲ್ಲೇ ಇನ್ನೊಂದು 25 ಮೀಟರ್ ಕಳೆದಿರುತ್ತದೆ. ರಾತ್ರಿ ಡಿಮ್ ಲೈಟಿನ ಬೆಳಕು ಅಷ್ಟು ದೂರ ಹೋಗುವುದೇ ಇಲ್ಲ. ಅಂದರೆ ಕಾಣಿಸಿದ ಮೇಲೆ ನಿಲ್ಲಿಸುತ್ತೇನೆ ಎನ್ನುವ ಮಾತಿಗೆ ಬೆಲೆಯೇ ಇಲ್ಲ.

ವೇಗವನ್ನು ಅರ್ಧಕ್ಕೆ ಇಳಿಸಿ ನೋಡಿ. 30 ಕಿ.ಮೀ.ನಲ್ಲಿ ಅದೇ ಐಸ್ ಮೇಲೆ ಸುಮಾರು 35 ಮೀಟರ್ ಸಾಕು. ವೇಗ ಅರ್ಧ ಆದರೆ ಬ್ರೇಕಿನ ದೂರ ಕಾಲು ಭಾಗಕ್ಕೆ ಬರುತ್ತದೆ. ಚಳಿಗಾಲದಲ್ಲಿ ಡ್ರೈವರ್ ಕೈಯಲ್ಲಿರುವ ಅತಿ ದೊಡ್ಡ ಉಪಕರಣ ಇದೇ. ಹಿಮದಲ್ಲಿ ಹಿಡಿತಕ್ಕೆ ಚಕ್ರಕ್ಕೆ ಸುತ್ತುವ ಚೈನು, ಟಯರು, ಎಬಿಎಸ್ಸು ಎಲ್ಲ ಆಮೇಲೆ. ಎಬಿಎಸ್ ಚಕ್ರ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ, ಗಾಡಿ ತಿರುಗಿಸಲು ಬಿಡುತ್ತದೆ. ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರುತ್ತದೆ?

ಅಮೆರಿಕದಲ್ಲಿ ದೊಡ್ಡ ಗಾಡಿಯ ಲೈಸೆನ್ಸಿಗೆ ಓದುವ ಕೈಪಿಡಿಯಲ್ಲಿ ಇದನ್ನು ಬಿಡಿಸಿ ಬರೆದಿದ್ದಾರೆ. ರಸ್ತೆ ಒದ್ದೆಯಾಗಿದ್ದರೆ ವೇಗದಲ್ಲಿ ಮೂರನೇ ಒಂದು ಪಾಲು ಕಡಿಮೆ ಮಾಡು. ಹಿಮ ಗಟ್ಟಿಯಾಗಿ ಕೂತಿದ್ದರೆ ಅರ್ಧ, ಬೇಕಿದ್ದರೆ ಇನ್ನೂ ಕಡಿಮೆ. ಐಸ್ ಇದ್ದರೆ ತೆವಳುವ ಹಾಗೆ ಹೋಗು, ಸುರಕ್ಷಿತ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸು. ಈ ಪಾಠ ಓದದೆ ಅಲ್ಲಿ ಯಾರಿಗೂ ಲೈಸೆನ್ಸ್ ಸಿಗುವುದಿಲ್ಲ. ನಿಮ್ಮ ಟೈಮ್ ಟೇಬಲ್ ಬರೆಯುವವರು ಇದನ್ನು ಓದಿದ್ದಾರಾ? ಒಂಬತ್ತು ಗಂಟೆಯ ದಾರಿ ಹಿಮ ಬಿದ್ದ ದಿನ ಹದಿನೆಂಟು ಗಂಟೆ ಆಗುತ್ತದೆ. ಅದೇ ಅಮೆರಿಕದಲ್ಲಿ ಒಂದು ಪಾಳಿಗೆ 11 ಗಂಟೆಗಿಂತ ಹೆಚ್ಚು ಗಾಡಿ ಓಡಿಸುವಂತಿಲ್ಲ. ಹವಾಮಾನ ಹಠಾತ್ತಾಗಿ ಕೆಟ್ಟರೆ ಇನ್ನೆರಡು ಗಂಟೆ ಸೇರಿಸಿಕೊಳ್ಳಬಹುದು, ಅಷ್ಟೇ. ಹಾಗಾದರೆ ಆ ಲೋಡು ಅದೇ ದಿನ ತಲುಪುವುದು ಹೇಗೆ? ಒಂದೋ ಡ್ರೈವರ್ ನಿಧಾನ ಹೋಗುವ ನಿಯಮ ಮುರಿಯಬೇಕು, ಇಲ್ಲ ನಿದ್ದೆಯ ನಿಯಮ ಮುರಿಯಬೇಕು. ಜನವರಿಯಲ್ಲೂ ಜುಲೈನ ಟೈಮ್ ಟೇಬಲನ್ನೇ ಕೈಗೆ ಕೊಟ್ಟು "ಹುಷಾರು" ಎಂದರೆ ಏನು ಪ್ರಯೋಜನ?

ಖಾಲಿ ಗಾಡಿ ತಾನೇ, ಬೇಗ ಬಂದುಬಿಡು ಎನ್ನುತ್ತೀರಲ್ಲ, ಅದರ ಬಗ್ಗೆಯೂ ಹೇಳಿಬಿಡುತ್ತೇನೆ. ಖಾಲಿ ಗಾಡಿ ಚಳಿಗಾಲದಲ್ಲಿ ಲೋಡ್ ಗಾಡಿಗಿಂತ ಸುಲಭ ಅಲ್ಲ. ಲಾರಿಯ ಬ್ರೇಕು, ಸ್ಪ್ರಿಂಗು, ಟಯರು ಎಲ್ಲವನ್ನೂ ತುಂಬಿದ ತೂಕಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಖಾಲಿ ಇದ್ದಾಗ ಚಕ್ರ ರಸ್ತೆಯನ್ನು ಒತ್ತಿ ಹಿಡಿಯುವುದಿಲ್ಲ, ಪುಟಿಯುತ್ತದೆ. ಸ್ವಲ್ಪ ಬ್ರೇಕ್ ಒತ್ತಿದರೂ ಕಚ್ಚಿಕೊಂಡು ಜಾರುತ್ತದೆ. ಮೇಲೆ ಅಡ್ಡಗಾಳಿ ಬೀಸಿತೋ, ಖಾಲಿ ಟ್ರೈಲರ್ ಹಾಯಿ ಕಟ್ಟಿದ ಹಾಗೆ. ತುಂಬಿದ ಗಾಡಿಯಲ್ಲಿ ಬಂದ ಡ್ರೈವರಿಗಿಂತ ಖಾಲಿ ಗಾಡಿಯಲ್ಲಿ ಬಂದವನ ಮುಖ ಜಾಸ್ತಿ ಬಿಳಿಚಿಕೊಂಡಿದ್ದನ್ನು ನಾನು ನೋಡಿದ್ದೇನೆ.

ಇನ್ನೊಂದು ತಪ್ಪು ತಿಳುವಳಿಕೆ. ಚಳಿ ಜಾಸ್ತಿ ಆದಷ್ಟೂ ಜಾರುವುದು ಜಾಸ್ತಿ ಎಂದುಕೊಳ್ಳುತ್ತೀರಿ. ನಿಮ್ಮ ಫೋನಿನಲ್ಲಿ ಸೊನ್ನೆ ಡಿಗ್ರಿ ತೋರಿಸಿದರೆ "ಅಷ್ಟೇನೂ ಚಳಿ ಇಲ್ಲವಲ್ಲ" ಅನ್ನುತ್ತೀರಿ. ನಮಗೆ ಮೈನಸ್ ಹದಿನೈದಕ್ಕಿಂತ ಸೊನ್ನೆಯ ಆಸುಪಾಸಿನದೇ ಭಯ. ಕರಗುತ್ತಿರುವ ಐಸ್ ಮೇಲೆ ತೆಳುವಾಗಿ ನೀರು ನಿಂತಿರುತ್ತದೆ. ಒಣ ಐಸಿಗಿಂತ ಅದು ಎಷ್ಟೋ ಪಾಲು ಜಾರುತ್ತದೆ. ನೆರಳಿನ ತಿರುವಿನಲ್ಲಿ ಒಂದು ಥರ, ಬಿಸಿಲಿರುವ ಕಡೆ ಇನ್ನೊಂದು ಥರ. ಒಂದೇ ಕಿಲೋಮೀಟರಿನಲ್ಲಿ ರಸ್ತೆ ಮೂರು ಸಲ ಬದಲಾಗುತ್ತದೆ. ತೀರಾ ಚಳಿ ಬಿದ್ದಾಗ ಬೇರೆ ತೊಂದರೆ. ರಸ್ತೆಗೆ ಎರಚುವ ಉಪ್ಪು ಮೈನಸ್ 9 ಡಿಗ್ರಿಯ ಕೆಳಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. "ಉಪ್ಪು ಹಾಕಿದ್ದಾರಂತಲ್ಲ, ಹೊರಡಿ" ಎನ್ನುವ ಮುಂಚೆ ಡಿಗ್ರಿ ಕೇಳಿ.

2021ರ ಫೆಬ್ರವರಿ 11ರಂದು ಟೆಕ್ಸಸ್‌ನ ಫೋರ್ಟ್ ವರ್ತ್ ಊರಲ್ಲಿ ಆದದ್ದು ನೆನಪಿರಬಹುದು. ಬೆಳಗಿನ ಜಾವ, ಎತ್ತರಿಸಿ ಕಟ್ಟಿದ ಹೆದ್ದಾರಿ, ಮೇಲೆ ಕಣ್ಣಿಗೆ ಕಾಣದ ಐಸ್. 130ಕ್ಕೂ ಹೆಚ್ಚು ವಾಹನಗಳು ಒಂದರ ಮೇಲೊಂದು ಬಿದ್ದವು. ಆರು ಜನ ಸತ್ತರು. ಆಗಲೇ ನಿಂತಿದ್ದ ಗಾಡಿಗಳ ರಾಶಿಗೆ ದೊಡ್ಡ ಲಾರಿಗಳು ಬ್ರೇಕ್ ಹಿಡಿದುಕೊಂಡೇ ಬಂದು ಗುದ್ದುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ನೋಡಿದವರು ಡ್ರೈವರಿಗೆ ಬುದ್ಧಿ ಇಲ್ಲವಾ ಎಂದರು. ಆ ಹೊತ್ತಿಗೆ ಡ್ರೈವರ್ ಮಾಡುವುದು ಏನೂ ಉಳಿದಿರುವುದಿಲ್ಲ ಸ್ವಾಮಿ. ಮಾಡುವುದೇನಿದ್ದರೂ ಒಂದೆರಡು ಕಿಲೋಮೀಟರ್ ಹಿಂದೆಯೇ ಮಾಡಬೇಕು. ಒಮ್ಮೊಮ್ಮೆ ಗಾಡಿ ಹೊರಡುವ ಮುಂಚೆ, ಯಾರ್ಡಿನಲ್ಲೇ ಮಾಡಬೇಕು.

ಯಾರ್ಡಿನ ಮಾತು ಬಂತಲ್ಲ. ಚಳಿಗಾಲದ ಬೆಳಿಗ್ಗೆ ಗಾಡಿ ಸಿದ್ಧ ಮಾಡಲು ಎಷ್ಟು ಹೊತ್ತು ಬೇಕು ಗೊತ್ತಾ? ಬ್ರೇಕಿಗೆ ಗಾಳಿ ಕೊಡುವ ಏರ್ ಟ್ಯಾಂಕಿನಲ್ಲಿ ಕೂತ ನೀರು ಬಿಡಬೇಕು, ಬಿಡದಿದ್ದರೆ ಅದು ಬ್ರೇಕಿನ ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ. ಹಿಂದಿನ ರಾತ್ರಿ ಒದ್ದೆಯಾಗಿದ್ದ ಬ್ರೇಕ್ ಲೈನರುಗಳು ಡ್ರಮ್ಮಿಗೆ ಅಂಟಿಕೊಂಡಿರುತ್ತವೆ. ಸುಮ್ನೆ ಗೇರ್ ಹಾಕಿ ಎಳೆದರೆ ಹಿಂದಿನ ಚಕ್ರ ತಿರುಗದೆ ಉಜ್ಜಿಕೊಂಡು ಬರುತ್ತದೆ, ಐಸ್ ಮೇಲೆ ಅದು ಗೊತ್ತಾಗುವುದೂ ಇಲ್ಲ. ಹಾಗಾಗಿ ಯಾರಾದರೂ ಕೆಳಗೆ ನಿಂತು ಒಂದೊಂದು ಚಕ್ರವೂ ತಿರುಗುತ್ತಿದೆಯಾ ಎಂದು ನೋಡಬೇಕು. ಚಳಿಗೆ ಟಯರಿನ ಗಾಳಿಯ ಒತ್ತಡ ಇಳಿದಿರುತ್ತದೆ, ಅಳೆದು ತುಂಬಬೇಕು. ದೀಪ, ಕನ್ನಡಿ, ರಿಫ್ಲೆಕ್ಟರ್ ಎಲ್ಲ ಒರೆಸಬೇಕು. ಹಿಮದ ಕೆಸರಿನಲ್ಲಿ ಎರಡು ಗಂಟೆ ಓಡಿದರೆ ಹಿಂದಿನ ದೀಪ ಮುಚ್ಚಿಹೋಗಿರುತ್ತದೆ, ಮತ್ತೆ ನಿಲ್ಲಿಸಿ ಒರೆಸಬೇಕು.

ಡೀಸೆಲ್ಲಿನದು ಬೇರೆಯೇ ಕಥೆ. ಚಳಿಗೆ ಡೀಸೆಲ್ಲಿನೊಳಗಿನ ಮೇಣ ಹರಳುಗಟ್ಟಿ ಫಿಲ್ಟರಿಗೆ ಮೆತ್ತಿಕೊಳ್ಳುತ್ತದೆ. ಎಂಜಿನ್ ನಡುರಸ್ತೆಯಲ್ಲಿ ಉಸಿರು ಕಟ್ಟಿ ನಿಲ್ಲುತ್ತದೆ. ಅದಕ್ಕೇ ಚಳಿ ಪ್ರದೇಶದಲ್ಲಿ ಚಳಿಗಾಲದ ಡೀಸೆಲ್ ಬೇರೆ ಮಾರುತ್ತಾರೆ. ಯುರೋಪಿನ ಡೀಸೆಲ್ ಮಾನದಂಡದಲ್ಲಿ ಮೈನಸ್ 44 ಡಿಗ್ರಿಯವರೆಗೂ ಫಿಲ್ಟರ್ ಕಟ್ಟಿಕೊಳ್ಳದ ದರ್ಜೆ ಇದೆ. ಬೆಚ್ಚಗಿನ ಊರಿನಲ್ಲಿ ಅಗ್ಗಕ್ಕೆ ಟ್ಯಾಂಕ್ ತುಂಬಿಸಿ ಚಳಿ ಊರಿಗೆ ಗಾಡಿ ಕಳಿಸಿದರೆ ಉಳಿಸಿದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ಹೊಗೆಯ ವಿಷ ಕಡಿಮೆ ಮಾಡಲು ಬಳಸುವ ಆಡ್‌ಬ್ಲೂ ದ್ರವ ಮೈನಸ್ 11ಕ್ಕೇ ಗಟ್ಟಿಯಾಗುತ್ತದೆ, ಅದಕ್ಕೆ ಟ್ಯಾಂಕಿನಲ್ಲಿ ಹೀಟರ್ ಇರುತ್ತದೆ, ಆ ಹೀಟರ್ ಸರಿ ಇರಬೇಕು.

ಟ್ರೈಲರಿನ ತಲೆಯ ಮೇಲಿನ ಹಿಮವನ್ನೂ ಇಳಿಸಬೇಕು. ಹೆದ್ದಾರಿಯಲ್ಲಿ ಅದು ಹಲಗೆಯಷ್ಟು ಅಗಲದ ಐಸ್ ಆಗಿ ಹಾರಿ ಹಿಂದಿನ ಕಾರಿನ ಗಾಜಿಗೆ ಬೀಳುತ್ತದೆ. ಜೀವ ಹೋಗುವ ವಿಷಯ ಇದು. ಆದರೆ ನಾಲ್ಕು ಮೀಟರ್ ಎತ್ತರದ ಜಾರುವ ಮಾಡಿನ ಮೇಲೆ ಪೊರಕೆ ಹಿಡಿದು ಹತ್ತು ಎಂದರೆ ಹತ್ತುವವನ ಜೀವಕ್ಕೆ ಯಾರು ಹೊಣೆ? ಯುರೋಪಿನ ಕೆಲವು ತಂಗುದಾಣಗಳಲ್ಲಿ ಇದಕ್ಕೆಂದೇ ಹಿಡಿದುಕೊಳ್ಳಲು ಕಂಬಿ ಇರುವ ಅಟ್ಟಣಿಗೆ ಕಟ್ಟಿದ್ದಾರೆ. ಗಾಡಿ ಪಕ್ಕಕ್ಕೆ ತಂದು ನಿಲ್ಲಿಸಿ, ಮೆಟ್ಟಿಲು ಹತ್ತಿ, ಉದ್ದ ಕೋಲಿನಿಂದ ತಳ್ಳಬಹುದು. ನಿಮ್ಮ ಯಾರ್ಡಿನಲ್ಲಿ ಅಂಥದೊಂದು ಕಟ್ಟಿಸಲು ಎಷ್ಟು ಖರ್ಚಾದೀತು?

ಇಷ್ಟೆಲ್ಲ ಮಾಡಲು ಒಂದು ಗಂಟೆ ಹಿಡಿಯುತ್ತದೆ. ಕಿಲೋಮೀಟರ್ ಲೆಕ್ಕದಲ್ಲಿ ಸಂಬಳ ಕೊಡುವ ಕಡೆ ಆ ಗಂಟೆಗೆ ಒಂದು ಕಾಸೂ ಸಿಗುವುದಿಲ್ಲ. ಚೈನ್ ಕಟ್ಟುವುದಕ್ಕೂ ಸಿಗುವುದಿಲ್ಲ. ಕತ್ತಲಲ್ಲಿ, ಬದಿಯಲ್ಲಿ ಕಾರುಗಳು ಹಾಯುತ್ತಿರುವಾಗ, ಮಂಡಿಯೂರಿ, ಮರಗಟ್ಟಿದ ಬೆರಳಿನಲ್ಲಿ ಭಾರದ ಚೈನನ್ನು ಚಕ್ರಕ್ಕೆ ಸುತ್ತಿ ಬಿಗಿಯುವ ಕೆಲಸ ಅದು. ಸ್ವಲ್ಪ ದೂರ ಹೋಗಿ ಮತ್ತೆ ಇಳಿದು ಬಿಗಿಯಬೇಕು. ದುಡ್ಡು ಸಿಗದ ಕೆಲಸವನ್ನು ಬಿಟ್ಟು ಮುಂದೆ ಹೋಗುವ ಆಸೆ ಯಾರಿಗಾದರೂ ಬರುತ್ತದೆ ಅಲ್ವಾ? ಆ ಆಸೆ ಹುಟ್ಟಿಸಿದ್ದು ನಿಮ್ಮ ಸಂಬಳದ ಪದ್ಧತಿ.

ಕಾನೂನು ಡ್ರೈವರ್ ಕಡೆಗೇ ಇದೆ ಎನ್ನುವುದು ನಿಮಗೂ ಗೊತ್ತು. ಹಿಮ, ಐಸ್, ಮಂಜು ಇದ್ದರೆ ವೇಗ ಇಳಿಸಬೇಕು, ತೀರಾ ಅಪಾಯ ಎನ್ನಿಸಿದರೆ ಗಾಡಿ ನಿಲ್ಲಿಸಬೇಕು ಎಂದು ಅಮೆರಿಕದ ನಿಯಮದಲ್ಲಿದೆ. ಜರ್ಮನಿಯಲ್ಲಿ ಹಿಮ ಅಥವಾ ಮಂಜಿನಿಂದ 50 ಮೀಟರಿಗಿಂತ ಕಡಿಮೆ ದೂರ ಕಂಡರೆ ಏಳೂವರೆ ಟನ್ನಿಗಿಂತ ದೊಡ್ಡ ಗಾಡಿ ಇನ್ನೊಂದನ್ನು ಓವರ್‌ಟೇಕ್ ಮಾಡುವಂತಿಲ್ಲ. ಅಲ್ಲಿ ರಸ್ತೆಯಲ್ಲಿ ಹಿಮ, ಐಸ್ ಇದ್ದಾಗ ಮೂರು ಶಿಖರ ಮತ್ತು ಹಿಮದ ಹರಳಿನ ಗುರುತಿರುವ ಚಳಿಗಾಲದ ಟಯರು, ಎಂಜಿನ್ ತಿರುಗಿಸುವ ಡ್ರೈವ್ ಆಕ್ಸಲಿಗೆ ಮಾತ್ರ ಇದ್ದರೆ ಸಾಲದು, 2020ರ ಜುಲೈನಿಂದ ಮುಂದಿನ ಸ್ಟೇರಿಂಗ್ ಆಕ್ಸಲಿಗೂ ಕಡ್ಡಾಯ. ಕೊಲರಾಡೊದ ಬೆಟ್ಟದ ಹೆದ್ದಾರಿಯಲ್ಲಿ ಸೆಪ್ಟೆಂಬರಿನಿಂದ ಮೇ ಕೊನೆಯವರೆಗೆ ಲಾರಿಯಲ್ಲಿ ಚೈನ್ ಇರಲೇಬೇಕು, ಬಿಸಿಲಿದ್ದರೂ ಸರಿ. ನಿಯಮಕ್ಕೇನು ಬರ ಇಲ್ಲ.

ಆದರೆ ನಿಯಮ ಎಲ್ಲಿಗೆ ಬಂದು ನಿಲ್ಲುತ್ತದೆ ಎನ್ನುವುದಕ್ಕೆ ಒಂದು ಕೇಸು ಹೇಳುತ್ತೇನೆ. 2009ರ ಜನವರಿ, ಅಮೆರಿಕದ ಇಲಿನಾಯ್. ರಾತ್ರಿ ಹೊತ್ತು ಒಬ್ಬ ಡ್ರೈವರ್ ಗಾಡಿಯನ್ನು ರಸ್ತೆ ಬದಿಗೆ ಹಾಕಿದ. ಟ್ರೈಲರಿನ ಬ್ರೇಕ್ ಹೆಪ್ಪುಗಟ್ಟಿ ಕಚ್ಚಿಕೊಂಡಿತು. ಕ್ಯಾಬಿನ್ನಿನ ಹೀಟರ್ ಕೆಟ್ಟಿತ್ತು. ಆಫೀಸಿಗೆ ಫೋನ್ ಮಾಡಿದ. ಮೆಕ್ಯಾನಿಕ್ ಬರುತ್ತಾನೆ, ಕಾಯಿ ಎಂದರು. ಗಂಟೆಗಳು ಕಳೆದವು. ಕಾಲು ಮರಗಟ್ಟಿತು, ಮೈ ಜೋಮು ಹಿಡಿಯಿತು. ಮತ್ತೆ ಫೋನ್ ಮಾಡಿದ. ಟ್ರೈಲರ್ ಬಿಟ್ಟು ಹೋಗಬೇಡ, ಒಂದೋ ಅದನ್ನು ಎಳೆದುಕೊಂಡು ಹೋಗು, ಇಲ್ಲ ಅಲ್ಲೇ ಇರು ಎಂದರು. ಅವನು ಟ್ರೈಲರ್ ಕಳಚಿ, ಅದನ್ನು ಎಳೆಯುವ ಮುಂದಿನ ಭಾಗವನ್ನಷ್ಟೇ ಓಡಿಸಿಕೊಂಡು ಬಿಸಿ ಹುಡುಕಿಕೊಂಡು ಹೋದ. ಮೆಕ್ಯಾನಿಕ್ ಬಂದ ಮೇಲೆ ವಾಪಸ್ಸೂ ಬಂದ. ಒಂದು ವಾರದೊಳಗೆ ಕೆಲಸದಿಂದ ತೆಗೆದರು.

ಅಪಾಯದ ಗಾಡಿ ಓಡಿಸಲು ಒಲ್ಲೆ ಎಂದ ಡ್ರೈವರನ್ನು ಕೆಲಸದಿಂದ ತೆಗೆಯಬಾರದು ಎಂಬ ಕಾನೂನು ಅಲ್ಲಿ 1982ರಿಂದಲೇ ಇತ್ತು. ಆದರೂ ಮೇಲ್ಮನವಿ ಕೋರ್ಟ್ ಅವನ ಪರ ತೀರ್ಪು ಕೊಡುವಷ್ಟರಲ್ಲಿ 2016 ಆಗಿತ್ತು. ಅದೂ ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಮಾತ್ರ ಅವನ ಕಡೆ. ಮೂರನೆಯವರು, ಆಮೇಲೆ ಸುಪ್ರೀಂ ಕೋರ್ಟಿಗೆ ಹೋದ ನೀಲ್ ಗೋರ್ಸಚ್. ಓಡಿಸಲು ಒಲ್ಲೆ ಎಂದವನಿಗೆ ಕಾನೂನಿನ ರಕ್ಷಣೆ ಇದೆ, ಇವನು ಗಾಡಿ ಓಡಿಸಿಕೊಂಡು ಹೋಗಿದ್ದಾನಲ್ಲ ಎನ್ನುವುದು ಅವರ ವಾದ. ಏಳು ವರ್ಷ! ಆ ಚಳಿಯಲ್ಲಿ ಕೂತವನಿಗೆ ಬೇಕಿದ್ದದ್ದು ಏಳು ವರ್ಷದ ಮೇಲೆ ಬರುವ ತೀರ್ಪಲ್ಲ. ಫೋನಿನ ಆ ಕಡೆಯಿಂದ "ಆಯ್ತು ಹೋಗಪ್ಪಾ, ಮೊದಲು ಬೆಚ್ಚಗಾಗು" ಎನ್ನುವ ಮಾತು.

ಕಾರು ಓಡಿಸುವವರೂ ಇದನ್ನು ಓದುತ್ತಿದ್ದರೆ, ನಿಮಗೆ ಒಂದೇ ಮಾತು. ಲಾರಿಯ ಮುಂದೆ ಖಾಲಿ ಬಿಟ್ಟ ಜಾಗ ನಿಮಗೆ ನುಗ್ಗಲಿಕ್ಕೆ ಬಿಟ್ಟದ್ದಲ್ಲ. ನಾವು ನಿಲ್ಲುವ ಜಾಗ ಅದು. ನೀವು ಬಂದು ತುಂಬಿದರೆ ನಾವು ಇನ್ನಷ್ಟು ಹಿಂದೆ ಸರಿಯಬೇಕು, ಅಲ್ಲಿಗೆ ಇನ್ನೊಬ್ಬರು ನುಗ್ಗುತ್ತಾರೆ. ಹಿಮ ತಳ್ಳುವ ಗಾಡಿಯನ್ನೂ ದಾಟಬೇಡಿ, ಅದರ ಹಿಂದಿನ ರಸ್ತೆಯೇ ಚೆನ್ನಾಗಿರುತ್ತದೆ.

ಈಗ ನಿಮ್ಮ ಹತ್ತಿರ ಕೇಳುವುದಕ್ಕೆ ಬರುತ್ತೇನೆ. ಗಾಡಿ ನಿಲ್ಲಿಸುವ ತೀರ್ಮಾನ ಡ್ರೈವರಿನದು ಎಂದು ಬರೆದು ಕೊಡಿ. ಸುತ್ತೋಲೆಯಲ್ಲಿ ಬೇಡ, ಟ್ರಿಪ್ ಶೀಟಿನಲ್ಲಿ, ಗೋದಾಮಿನವರ ಜೊತೆ ಮಾಡಿಕೊಳ್ಳುವ ಕರಾರಿನಲ್ಲಿ ಬರೆಯಿರಿ. ಹವಾಮಾನದಿಂದ ತಡವಾದರೆ ದಂಡ ಇಲ್ಲ, ಸ್ಲಾಟ್ ಹೋಗುವುದಿಲ್ಲ, ನಿಂತ ಹೊತ್ತಿಗೂ ಕೂಲಿ ಇದೆ ಎಂದಿರಲಿ. ಚಳಿಗಾಲಕ್ಕೆ ಬೇರೆ ಟೈಮ್ ಟೇಬಲ್ ಮಾಡಿ. ಗಾಡಿಯಲ್ಲಿ ಚೈನ್, ಸಲಿಕೆ, ಮರಳು, ಕಂಬಳಿ, ನೀರು ಮತ್ತು ಎರಡು ದಿನಕ್ಕಾಗುವಷ್ಟು ಊಟ ಇಡಿಸಿ. ಕ್ಯಾಬಿನ್ ಹೀಟರ್ ಕೆಟ್ಟರೆ ಬ್ರೇಕ್ ಕೆಟ್ಟಷ್ಟೇ ಗಂಭೀರ ಎಂದು ತಿಳಿದು ಗಾಡಿ ಹೊರಗೆ ಬಿಡಬೇಡಿ. ಹಿಮದಲ್ಲಿ ಸಿಕ್ಕಿಬಿದ್ದವನು ಎಂಜಿನ್ ಓಡಿಸಿಕೊಂಡು ಮಲಗಿದರೆ, ಸೈಲೆನ್ಸರ್ ಬಾಯಿಗೆ ಹಿಮ ತುಂಬಿ ಹೊಗೆ ಒಳಗೆ ಬಂದು ನಿದ್ದೆಯಲ್ಲೇ ಸಾಯಬಹುದು. ಹೊಸ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡುತ್ತಿಲ್ಲ. ಹೇಳಿಸಿ.

ಇನ್ನೊಂದು ಸಣ್ಣ ವಿಷಯ. ಗಾಡಿ ಓಡುತ್ತಿರುವಾಗ ಫೋನ್ ಮಾಡಬೇಡಿ. ಎಲ್ಲಿದ್ದೇವೆ ಎಂದು ನಿಮ್ಮ ಕಂಪ್ಯೂಟರಿನಲ್ಲಿ ಚುಕ್ಕೆ ಕಾಣುತ್ತಿರುತ್ತದೆ. ಚುಕ್ಕೆ ಒಂದೇ ಕಡೆ ನಿಂತಿದ್ದರೆ ಯಾಕೆ ಎಂದು ಗೊತ್ತಾಗಲು ಆ ಊರಿನ ಹವಾಮಾನ ನೋಡಿದರೆ ಸಾಕು. ಅದಾದ ಮೇಲೂ ಮಾತಾಡಲೇಬೇಕು ಅನ್ನಿಸಿದರೆ, ನಿಂತಿರುವ ಗಾಡಿಗೆ ಫೋನ್ ಮಾಡಿ, ಊಟ ಆಯಿತಾ, ಹೀಟರ್ ಕೆಲಸ ಮಾಡುತ್ತಿದೆಯಾ ಎಂದು ಕೇಳಿ.

ಇಂತಿ ನಿಮ್ಮ,
ಒಬ್ಬ ಲಾರಿ ಡ್ರೈವರ್